ಅಟ್ಟದ ಮೇಲಿನ ಕೋವಿ

ಕಳೆದ ಮಳೆಗಾಲದ ಒಂದು ರಾತ್ರಿ, ಹೋಟೆಲುಗಳ ಬಾಗಿಲು ಮುಚ್ಚುವ ವೇಳೆಗೆ, ಅಹಮದಾಬಾದಿನ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವ ತರುಣನೊಬ್ಬನು ನಮ್ಮ ಕಚೇರಿಗೆ ಬಂದನು. ಕುಂದಾಪುರ ತಾಲೂಕಿನ ಘಟ್ಟದ ಬುಡದ ಊರಿನವನು. ನಾವು ಲೇಖನಿ ಹಿಡಿಯುವುದಕ್ಕೆ ಮೊದಲು ಸೌಟು ಹಿಡಿದವರಾದುದರಿಂದ ಇಂಥ ಹುಡುಗರಿಗೆ ನಮ್ಮಲ್ಲಿ ಸಲಿಗೆ ಹೆಚ್ಚು. ಆತನು ತನ್ನ ಮೊಬೈಲನ್ನು ನಮ್ಮ ಮೇಜಿನ ಮೇಲಿರಿಸಿ ಒಂದು ಚಿತ್ರವನ್ನು ತೋರಿಸಿದನು. ಅಮೆರಿಕದ ಗೃಹಸ್ಥನೊಬ್ಬನು ತನ್ನ ಮನೆಯ ಗ್ಯಾರೇಜಿನಲ್ಲಿ ಕುಳಿತು, ಮಿಲಿಟರಿಯಿಂದ ವಿಲೇವಾರಿಯಾದ ಹಳೆಯ ರೈಫಲೊಂದನ್ನು ಬಿಡಿಬಿಡಿಯಾಗಿ ಬಿಚ್ಚಿ, ಜಿಡ್ಡು ಒರಸಿ, ಮತ್ತೆ ಕೂಡಿಸುತ್ತಿದ್ದನು. ರೈಫಲಿನ ಕತ್ತಿನ ಬಳಿಯ ಲೋಹದ ಪಟ್ಟಿಯ ಮೇಲೆ ‘ಆರ್.ಎಫ್.ಐ.’ ಎಂಬ ಮೂರಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದುವು.

“ಅಣ್ಣಾ, ಇದು ನಮ್ಮ ದೇಶದ್ದೇ ಅಲ್ಲವೇ?” ಎಂದು ಕೇಳಿದನು. ಹೌದು, ಅದು ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯ ಮುದ್ರೆ. (ಸೂರತ್ತಿನ ವಾಚಕರು ತಮ್ಮ ಊರ ಪಕ್ಕದ ಇಚ್ಛಾಪೋರವೆಂದು ಭ್ರಮಿಸಬಾರದು, ಇದು ಹೂಗ್ಲಿಯ ತೀರದ ಬೇರೊಂದು ಊರು.) ಬಳಿಕ ಆತನು ಸ್ವಲ್ಪ ತಡೆದು, ತನ್ನೂರ ಮಾತಿಗೆ ಇಳಿದು, “ನಮ್ ಮನಿ ಅಟ್ಟದ್ ಮೇಲೂ ಒಂದ್ ಕೋವಿ ಇತ್ತ್” ಎಂದನು. ಅಲ್ಲಿಂದ ಮುಂದೆ ನಡೆದ ಮಾತು ರಾತ್ರಿ ಒಂದು ಗಂಟೆಯವರೆಗೆ ಬೆಳೆಯಿತು. ಅದರಲ್ಲಿ ಬಂದ ವಿಷಯವು ಊರಿನಲ್ಲಿ ತೋಟ ಗದ್ದೆಗಳನ್ನೂ ಅಟ್ಟದ ಮೇಲೆ ಕೋವಿಯನ್ನೂ ಬಿಟ್ಟು ಈ ಮೂರು ನಗರಗಳಲ್ಲಿ ದುಡಿಯುತ್ತಿರುವ ನಮ್ಮ ಹಲವರಿಗೆ ಸಂಬಂಧಿಸಿದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಅಮೆರಿಕದವನ ರೈಫಲಿನ ಕಥೆ. ಬ್ರಿಟಿಷರ ಲೀ-ಎನ್‌ಫೀಲ್ಡ್ ಮಾದರಿಯು 1895ರಲ್ಲಿ ಹುಟ್ಟಿತು. ನಮ್ಮ ಸೈನ್ಯ ಎರಡು ಮಹಾಯುದ್ಧಗಳನ್ನು ಹೋರಾಡಿದುದು ಮುಖ್ಯವಾಗಿ ಈ ಬಗೆಯ ತ್ರೀ-ನಾಟ್-ತ್ರೀಯಿಂದಲೇ. 1962ರಲ್ಲಿ ಚೀನದೊಡನೆ ಯುದ್ಧವಾದ ಮೇಲೆ ಇಶಾಪುರದವರು ಅದೇ ಹಳೆಯ ರಚನೆಗೆ ಗಟ್ಟಿಯಾದ ಉಕ್ಕನ್ನು ಬಳಸಿ, 7.62 ಮಿಲಿಮೀಟರಿನ ಹೊಸ ತೋಟೆ ಹಿಡಿಯುವಂತೆ ಮಾರ್ಪಡಿಸಿ, ‘2ಎ’ ಮತ್ತು ‘2ಎ1’ ಎಂಬ ರೈಫಲುಗಳನ್ನು ಮಾಡಿದರು. ಹತ್ತು ತೋಟೆಗಳ ಪೆಟ್ಟಿಗೆಯ ಬದಲು ಹನ್ನೆರಡರದು ಬಂದಿತು. ಇವು ಹಳತಾದ ಬಳಿಕ ಹಡಗೇರಿ ಅಮೆರಿಕಕ್ಕೆ ಹೋದುವು. 1990ರ ದಶಕದಲ್ಲಿ ಅಲ್ಲಿಯ ಅಂಗಡಿಗಳಲ್ಲಿ ನೂರು ಡಾಲರಿನ ಆಚೀಚೆ ಬೆಲೆಗೆ ಒಂದೊಂದು ಸಿಕ್ಕುತ್ತಿದ್ದಿತು. ನೇಪಾಳದ್ದು ಇನ್ನೂ ದೊಡ್ಡ ಕಥೆ. ಕಾಠ್ಮಂಡುವಿನ ಹಳೆಯ ಅರಮನೆಯ ಆಯುಧಾಗಾರದಲ್ಲಿ ಧೂಳು ತಿನ್ನುತ್ತಿದ್ದ ಹತ್ತಾರು ಸಾವಿರ ಬಂದೂಕುಗಳನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ರಾಶಿಯಾಗಿ ಕೊಂಡರು. ಅವುಗಳಲ್ಲಿ ಮಾರ್ಟಿನಿ-ಹೆನ್ರಿಗಳೂ ಇದ್ದುವು, ನೇಪಾಳದವರೇ ರಚಿಸಿದ ಗಹೇಂದ್ರ ರೈಫಲುಗಳೂ ಇದ್ದುವು. 1898ರೊಳಗೆ ತಯಾರಾದ ಬಂದೂಕನ್ನು ಅಲ್ಲಿಯ ಕೇಂದ್ರ ಕಾಯಿದೆ ಪುರಾತನ ವಸ್ತುವೆಂದು ಬಗೆಯುವುದರಿಂದ, ಅಂಥದನ್ನು ಕೊಳ್ಳುವವನು ಹಿತ್ತಾಳೆಯ ಹಂಡೆ ಕೊಂಡಂತೆ ಕೊಂಡು ಮನೆಗೆ ಒಯ್ಯಬಹುದು.

ಅವರು ಮಾಡುವ ಕೆಲಸವನ್ನು ನೋಡುತ್ತ ಕುಳಿತರೆ ಹೊತ್ತು ಹೋದುದೇ ತಿಳಿಯದು. ಇದನ್ನು ನಾವು ಒಪ್ಪಿಕೊಳ್ಳಲೇಬೇಕು. ಉಗ್ರಾಣದಲ್ಲಿ ತುಕ್ಕು ಹಿಡಿಯದಿರಲೆಂದು ಸೈನ್ಯದವರು ಬಳಿದ ದಪ್ಪ ಗ್ರೀಸು ಮರದೊಳಕ್ಕೂ ಇಳಿದಿರುತ್ತದೆ. ಲೋಹದ ಭಾಗಗಳನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ನೆನೆಯಿಸಿ ಒರಸುವುದು, ಮರವನ್ನು ಬಿಸಿಲಿಗಿಟ್ಟು ಬೆವರಿಸಿ ಬಟ್ಟೆಯಿಂದ ಹೀರಿಸುವುದು, ಬಳಿಕ ಅಗಸೆಯೆಣ್ಣೆಯನ್ನು ಅಂಗೈಯಲ್ಲಿ ತೆಗೆದುಕೊಂಡು ತೆಳ್ಳಗೆ, ದಿನಗಟ್ಟಲೆ, ಒಂದರ ಮೇಲೊಂದು ಲೇಪವಾಗಿ ಉಜ್ಜುವುದು. ಹಳೆಯ ತೋಟೆಗಳ ಕೇಪಿನಲ್ಲಿದ್ದ ರಾಸಾಯನಿಕವು ಸುಟ್ಟ ಮೇಲೆ ನಳಿಗೆಯೊಳಗೆ ಉಪ್ಪಿನಂಥ ಅಂಶ ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಆದುದರಿಂದ ಹಿಂದಿನ ಸಿಪಾಯಿಗಳು ಕುದಿಯುವ ನೀರನ್ನು ನಳಿಗೆಯಲ್ಲಿ ಹೊಯ್ದು ತೊಳೆಯುತ್ತಿದ್ದರು. ಉಪ್ಪು ಕರಗುವುದು ನೀರಿಗೆ, ಎಣ್ಣೆಗಲ್ಲ. ಇದನ್ನು ಅಡಿಗೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಶಾಪುರದ ರೈಫಲಿನ ಮುಂಭಾಗದ ಮರದಲ್ಲಿ ಅಡ್ಡಲಾಗಿ ಒಂದು ತಿರುಪು ಇರುತ್ತದೆ. ಮರ ಸೀಳದಿರಲೆಂದು ನಮ್ಮವರು ಸೇರಿಸಿದ ಭದ್ರತೆ ಅದು. ಬಲ್ಲವರು ಅದನ್ನು ನೋಡಿಯೇ ಇದು ಹಿಂದೂಸ್ಥಾನದಿಂದ ಬಂದುದೆಂದು ಗುರುತಿಸುತ್ತಾರೆ. ಬಲ್ಲವನು ಮಾಡದ ಕೆಲಸವೊಂದಿದೆ: ಮರವನ್ನು ಮರಳುಕಾಗದದಿಂದ ಉಜ್ಜಿ ಹೊಳಪಿಸುವುದು. ಹಾಗೆ ಮಾಡಿದರೆ ಕಾರ್ಖಾನೆಯ ಗುರುತುಗಳೂ ಸೈನಿಕನ ಕೈಯ ಸವೆತವೂ ಅಳಿದು ವಸ್ತುವಿನ ಬೆಲೆ ಅರ್ಧಕ್ಕಿಳಿಯುತ್ತದೆ. ನಾವು ಹೊಸದಾಗಿ ಹೋಟೆಲು ತೆರೆದಾಗ, ಹದಿನೈದು ವರ್ಷ ಪಳಗಿದ ಕಾವಲಿಯೊಂದನ್ನು ಉತ್ಸಾಹಿ ಹುಡುಗನೊಬ್ಬನು ಇಟ್ಟಿಗೆಯ ಪುಡಿಯಿಂದ ತಿಕ್ಕಿ ಬೆಳ್ಳಿಯಂತೆ ಬೆಳಗಿದನು. ಮರುದಿನ ಒಂದು ದೋಸೆಯೂ ಏಳಲಿಲ್ಲ. ಆ ಬೆಳಗಿನ ನಮ್ಮ ಮಾತುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಇಷ್ಟಾದರೂ ಇದು ಬರಿಯ ಒರಸುವ ಕೆಲಸವಲ್ಲ. ಈ ರೈಫಲುಗಳ ಬೋಲ್ಟನ್ನು ಆಯಾ ರೈಫಲಿಗೇ ಹೊಂದಿಸಿ ಕೂರಿಸಿರುತ್ತಾರೆ; ಎರಡರ ಮೇಲೂ ಒಂದೇ ಸಂಖ್ಯೆ ಇರುತ್ತದೆ. ಒಂದರ ಬೋಲ್ಟು ಇನ್ನೊಂದಕ್ಕೆ ಸೇರಿ, ತೋಟೆಯ ಹಿಂದೆ ಅಂತರ ಹೆಚ್ಚಾಯಿತೆಂದರೆ, ತೋಟೆಯ ಹಿತ್ತಾಳೆ ಒಡೆದು ಬೆಂಕಿ ಹಾರಿಸಿದವನ ಮುಖದ ಕಡೆಗೇ ಬರಬಹುದು. ಶಾಲೆಯಲ್ಲಿ ಎನ್.ಸಿ.ಸಿ.ಯಲ್ಲಿದ್ದವರಿಗೆ ‘ಡಿ.ಪಿ.’ ಎಂದು ಗುರುತು ಹಾಕಿದ ಕವಾಯತಿನ ರೈಫಲುಗಳು ನೆನಪಿರಬಹುದು. ನೋಟಕ್ಕೆ ಅವೂ ಅವೇ. ಆದರೆ ಹಾರಿಸಲು ಅಯೋಗ್ಯವೆಂದು ತಳ್ಳಿದವಾದುದರಿಂದ ಹುಡುಗರ ಹೆಗಲಿಗೆ ಮಾತ್ರ ಅವುಗಳ ಯೋಗ.

ಈಗ ನಮ್ಮ ತರುಣನ ಅಟ್ಟಕ್ಕೆ ಬರೋಣ. ಅಲ್ಲಿದ್ದುದು ಅವನ ಅಪ್ಪಯ್ಯನ ಒಂಟಿ ನಳಿಗೆಯ ತೋಟೆಕೋವಿ. ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸು ಅಪ್ಪಯ್ಯನ ಹೆಸರಿನಲ್ಲಿದ್ದಿತು. ಪ್ರತಿ ಚುನಾವಣೆಗೂ ಠಾಣೆಗೆ ಹೊತ್ತು ಒಪ್ಪಿಸುವುದು, ಫಲಿತಾಂಶದ ಮೇಲೆ ಹೊತ್ತು ತರುವುದು, ಇದು ಕರಾವಳಿಯ ಕೃಷಿಕರೆಲ್ಲರಿಗೂ ಗೊತ್ತಿರುವ ಯಾತ್ರೆ. ಅಪ್ಪಯ್ಯ ತೀರಿಕೊಂಡು ಎರಡು ವರ್ಷವಾಗಿದ್ದಿತು. ಕೋವಿ ಅಟ್ಟದಲ್ಲೇ ಉಳಿಯಿತು, ಲೈಸೆನ್ಸು ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯಿತು. ಒಳಗಿನ ಸ್ಪ್ರಿಂಗೊಂದು ತುಂಡಾಗಿದೆಯಂತೆ. ಕಾಡುಹಂದಿಗಳು ಗದ್ದೆಗೆ ಇಳಿಯುತ್ತಿವೆ. ಹತ್ತಿರದ ಊರಿನ ಕಮ್ಮಾರನೊಬ್ಬನು ಸಾವಿರದೈನೂರು ರೂಪಾಯಿಗೆ ಸರಿಮಾಡಿಕೊಡುತ್ತಾನೆ. ಹಣ ಕಳುಹಿಸು ಎಂದು ಊರಿನಿಂದ ತಮ್ಮನ ಫೋನು ಬಂದಿದ್ದಿತು. ಈತನು ಮರುದಿನ ಬೆಳಿಗ್ಗೆ ಹಣ ಕಳುಹಿಸುವವನಿದ್ದನು. ಅಮೆರಿಕದವನ ಚಿತ್ರವನ್ನು ನೋಡಿ, ಯಾವ ಎಣ್ಣೆ ಒಳ್ಳೆಯದೆಂದು ತಮ್ಮನಿಗೆ ಹೇಳಲು ನಮ್ಮನ್ನು ಕೇಳಲು ಬಂದಿದ್ದನು, ಅಷ್ಟೇ.

ನಾವು ಎಣ್ಣೆಯ ಮಾತನ್ನು ಅಲ್ಲಿಗೇ ಬಿಟ್ಟು 1959ರ ಆಯುಧ ಕಾಯಿದೆಯ ಪುಸ್ತಕವನ್ನು ತೆಗೆದೆವು. ಅದರ ಐದನೆಯ ಕಲಮಿನಂತೆ ಲೈಸೆನ್ಸಿಲ್ಲದವನು ಬಂದೂಕನ್ನು ತಯಾರಿಸಕೂಡದು, ಮಾರಕೂಡದು, ದುರಸ್ತಿಯನ್ನೂ ಮಾಡಕೂಡದು. 2019ರ ತಿದ್ದುಪಡಿಯ ಬಳಿಕ ಶಿಕ್ಷೆಯ ಲೆಕ್ಕ ಹೀಗಿದೆ: ಸಾಧಾರಣ ಬಂದೂಕನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡವನಿಗೆ 2ರಿಂದ 5 ವರ್ಷ, ಐದನೆಯ ಕಲಮನ್ನು ಮೀರಿ ದುರಸ್ತಿಗಿಳಿದವನಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕೆಟ್ಟ ಕೋವಿ ಮನೆಯಲ್ಲಿರುವುದಕ್ಕಿಂತ ಅದನ್ನು ಕದ್ದು ಸರಿಮಾಡುವುದೇ ದೊಡ್ಡ ಅಪರಾಧ! ಸಾವಿರದೈನೂರು ರೂಪಾಯಿ ಕಳುಹಿಸುವವನೂ ಆ ಕೃತ್ಯದಲ್ಲಿ ಪಾಲುಗಾರನೆಂದು ಎಣಿಸಲ್ಪಡುವ ಸಂಭವ ಉಂಟು.

“ಹಳೆಯದು, ಕೆಟ್ಟುಹೋಗಿದೆ, ಅದು ಕೋವಿಯೇ ಅಲ್ಲವೆಂದರೆ?” ಎಂದು ಆತನು ಕೇಳಿದನು. ಈ ಪ್ರಶ್ನೆಗೂ ಕಾಯಿದೆಯಲ್ಲಿ ಉತ್ತರವಿದೆ. ನಾಲ್ವತ್ತೈದನೆಯ ಕಲಮು ಪುರಾತನ ವಸ್ತುಗಳಿಗೂ ಕೆಟ್ಟ ಆಯುಧಗಳಿಗೂ ವಿನಾಯಿತಿ ಕೊಡುತ್ತದೆ. ಆದರೆ ದುರಸ್ತಿ ಮಾಡದೆಯೂ, ದುರಸ್ತಿ ಮಾಡಿದರೂ, ಹಾರಿಸಲು ಬಾರದಂಥವುಗಳಿಗೆ ಮಾತ್ರ. ಒಂದು ಸ್ಪ್ರಿಂಗು ಹಾಕಿದರೆ ಹಾರುವ ಕೋವಿ ಕಾಯಿದೆಯ ಕಣ್ಣಿಗೆ ಇಂದೂ ಕೋವಿಯೇ. ಅಮೆರಿಕದ ಗೃಹಸ್ಥನು ಯಾವ ಕೆಲಸದಿಂದ ವಸ್ತುವಿಗೆ ಬೆಲೆ ತರುತ್ತಾನೆಯೋ ಅದೇ ಕೆಲಸ ಇಲ್ಲಿ ಸೆರೆಮನೆಗೆ ದಾರಿ. ಇನ್ನು ಮಿಲಿಟರಿಯ ತ್ರೀ-ನಾಟ್-ತ್ರೀಯಾಗಲಿ 7.62 ಆಗಲಿ ನಮ್ಮಲ್ಲಿ ನಿಷೇಧಿತ ಬೋರುಗಳು. ಸೈನ್ಯದ ತೋಟೆ ನಾಗರಿಕರ ಬಂದೂಕಿಗೆ ಹೊಂದಬಾರದೆಂಬುದೇ ಅದರ ಹಿಂದಿನ ಯೋಚನೆ. ಅದಕ್ಕಾಗಿಯೇ ಇಶಾಪುರದವರು ನಾಗರಿಕರಿಗೆ ಅದೇ ಎನ್‌ಫೀಲ್ಡ್ ರಚನೆಯಲ್ಲಿ .315 ಬೋರಿನ ಬೇರೆ ರೈಫಲನ್ನು ಮಾಡಿದರು. 2008ರ ನವೆಂಬರಿನಲ್ಲಿ ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ನಮ್ಮ ಪೊಲೀಸರು ಭಯೋತ್ಪಾದಕರ ಎದುರು ಹಿಡಿದು ನಿಂತ ತ್ರೀ-ನಾಟ್-ತ್ರೀಯನ್ನು ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯ ದಿನದ ಕವಾಯತಿನಲ್ಲಿ ವಿಧ್ಯುಕ್ತವಾಗಿ ಬೀಳ್ಕೊಟ್ಟರು. ಹಾಗೆ ಬೀಳ್ಕೊಟ್ಟ ಮಾತ್ರಕ್ಕೆ ಅದು ನಮಗೆ ನಿಮಗೆ ಸಿಕ್ಕುವ ಸರಕಾಗಲಿಲ್ಲ. ಯಾರಾದರೂ “ಮಿಲಿಟರಿ ಮಾಲು, ಅಗ್ಗ” ಎಂದು ಕಿವಿಯಲ್ಲಿ ಹೇಳಿದರೆ ಅದು ಕಳವಿನದು ಅಥವಾ ಕಳ್ಳ ತಯಾರಿಕೆಯದು. ಮೂರನೆಯ ಸಾಧ್ಯತೆ ನಮಗೆ ತೋರದು.

ಕಳವಿನದು ಹೇಗಿರುತ್ತದೆಂಬುದಕ್ಕೆ 2018ರ ಜಬಲಪುರದ ಪ್ರಕರಣವೇ ಸಾಕು. ಅಲ್ಲಿಯ ಸೈನ್ಯದ ಕೇಂದ್ರ ಆಯುಧ ಉಗ್ರಾಣದಲ್ಲಿ ಕೆಲಸಕ್ಕೆ ಬಾರವೆಂದು ತಳ್ಳಿಹಾಕಿದ ಎ.ಕೆ. 47 ರೈಫಲುಗಳ ಭಾಗಗಳು ಗುಟ್ಟಾಗಿ ಹೊರಬಿದ್ದುವು. ನಿವೃತ್ತ ಆಯುಧ ಕುಶಲಕರ್ಮಿಯೊಬ್ಬನು ಅವುಗಳನ್ನು ಜೋಡಿಸಿ ಜೀವ ಬರಿಸಿ ಬಿಹಾರದ ಮುಂಗೇರಿಗೆ ಮಾರಿದನೆಂಬುದು ಆರೋಪ. ಪೊಲೀಸರು ಅಲ್ಲಿಯ ಹಳ್ಳಿಯೊಂದರ ಬಾವಿಯಿಂದಲೂ ರೈಫಲುಗಳನ್ನು ಎತ್ತಿದರು. ಕೈಯಲ್ಲಿ ವಿದ್ಯೆಯಿದ್ದವನು ಹೀಗೂ ಕೆಡಬಹುದು.

ಕಾಯಿದೆ ನಮಗೆ ಸಿಹಿಯಾಗಿದೆಯೆಂದು ನಾವು ಹೇಳುತ್ತಿಲ್ಲ. ಅಹಮದಾಬಾದಿನಿಂದ ಬಡೋದೆಗೆ ರೈಲಿನಲ್ಲಿ ಹೋಗುವಾಗ ನಡುವೆ ನಡಿಯಾದ ಸಿಕ್ಕುತ್ತದೆ. 1918ರಲ್ಲಿ ಗಾಂಧೀಜಿಯವರು ಅಲ್ಲಿ ನೆಲೆನಿಂತು ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಹೊರಟಾಗ, ಇಡೀ ಜನಾಂಗವನ್ನು ನಿಶ್ಶಸ್ತ್ರಗೊಳಿಸಿದ ಅಂದಿನ ಆಯುಧ ಕಾಯಿದೆಯನ್ನು ತಮ್ಮ ಕರಪತ್ರದಲ್ಲಿ ಕಟುವಾಗಿ ಖಂಡಿಸಿದ್ದರು. ಅಹಿಂಸೆಯ ಪ್ರವಾದಿಯೇ ಹಾಗೆ ಬರೆದುದನ್ನು ಕೇಳಿ ನಮ್ಮ ತರುಣನು ಕಣ್ಣರಳಿಸಿದನು. ಪರಕೀಯರ 1878ರ ಕಾಯಿದೆ ಹೋಗಿ ನಮ್ಮವರ 1959ರದು ಬಂದಿತು. ಹಂದಿ ತಿಂದ ಗದ್ದೆಯ ರೈತನ ಅಲೆದಾಟ ಮಾತ್ರ ಕಡಿಮೆಯಾಗಲಿಲ್ಲ.

ಕಾಯಿದೆಯೊಳಗಿದ್ದುಕೊಂಡೇ ಕೋವಿಯನ್ನು ಮಮತೆಯಿಂದ ಕಾಪಾಡುವುದನ್ನು ನೋಡಬೇಕಾದರೆ ಕೊಡಗಿಗೆ ಹೋಗಬೇಕು. 1861ರಲ್ಲಿ ಮಾರ್ಕ್ ಕಬ್ಬನ್ನನ ಆಡಳಿತವು ಕೊಡವರಿಗೆ ಕೊಟ್ಟ ವಿನಾಯಿತಿ, ಜಮ್ಮಾ ಹಿಡುವಳಿದಾರರನ್ನೂ ಒಳಗೊಂಡು, ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಶುಚಿಗೊಳಿಸಿ, ದೇವರ ಕೋಣೆಯಲ್ಲಿ ಸಾಲಾಗಿಟ್ಟು, ಕೋವಿಹೂವನ್ನು ಮುಡಿಸಿ ಪೂಜಿಸುತ್ತಾರೆ. ನಮ್ಮ ಕರಾವಳಿಯವರಿಗೆ ಆ ವಿನಾಯಿತಿಯಿಲ್ಲ. ನಮಗಿರುವುದು ಅರ್ಜಿಯ ದಾರಿ.

ಆ ದಾರಿ ಹೀಗಿದೆ. ಲೈಸೆನ್ಸುದಾರನು ತೀರಿಕೊಂಡರೆ ವಾರಸುದಾರರು ಕೋವಿಯನ್ನು ವಿಳಂಬಿಸದೆ ಸಮೀಪದ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ಆಯುಧ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಬೇಕು. ಮರಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇವನ್ನು ಸೇರಿಸಿ ಒಬ್ಬನು ತನ್ನ ಹೆಸರಿಗೆ ಲೈಸೆನ್ಸು ಕೇಳಬೇಕು. ಊರಿನಲ್ಲಿ ಈ ಅಧಿಕಾರ ಡೆಪ್ಯುಟಿ ಕಮಿಷನರರದು. 2016ರ ನಿಯಮಗಳಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನು ಬಹಳ ಜನ ಅರಿಯರು: ತಂದೆಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧವನ್ನು ಇಟ್ಟುಕೊಂಡು 25 ವರ್ಷವಾಗಿದ್ದರೆ, ಆತನು ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಲೈಸೆನ್ಸು ಕೈಗೆ ಬಂದ ಮೇಲೆ ಒರಸಿ ಎಣ್ಣೆ ಹಚ್ಚಿಕೊಳ್ಳುವುದು ಒಡೆಯನ ಕೆಲಸ. ಸ್ಪ್ರಿಂಗು ಹಾಕುವುದು ಮಾತ್ರ ಪರವಾನಿಗೆಯುಳ್ಳ ದುರಸ್ತಿಗಾರನದೇ. ವಯಸ್ಸಾದ ತಂದೆಯನ್ನು ಊರಿನಲ್ಲಿ ಬಿಟ್ಟು ಬಂದಿರುವ ಸೂರತ್ತಿನ ಗುಮಾಸ್ತರೂ ಬಡೋದೆಯ ಮಾಣಿಗಳೂ ಮುಂದಿನ ರಜೆಯಲ್ಲಿ ಒಮ್ಮೆ ಪೆಟ್ಟಿಗೆ ತೆರೆದು ಆ ಲೈಸೆನ್ಸು ಪುಸ್ತಕವನ್ನು ನೋಡಲಿ.

ನಮ್ಮ ತರುಣನು ಆ ರಾತ್ರಿಯೇ ತಮ್ಮನನ್ನು ಎಬ್ಬಿಸಿ ಮಾತನಾಡಿದನು. ತಮ್ಮನಿಗೆ ಸಿಟ್ಟು ಬಂದಿತು. ಎರಡು ವರ್ಷ ತಡವಾಗಿದೆ, ಠಾಣೆಗೆ ಹೋದರೆ ಹಿಡಿದುಹಾಕುತ್ತಾರೆಂದು ತಾಯಿ ಅತ್ತರಂತೆ. ನಮ್ಮ ಪರಿಚಯದ ವಕೀಲರೊಬ್ಬರು ತಡವಾದುದರ ಕಾರಣವನ್ನು ಬರೆದ ಅರ್ಜಿಯನ್ನು ಸಿದ್ಧಪಡಿಸಿಕೊಟ್ಟರು. ಊರಿನ ಹಿರಿಯರೊಬ್ಬರು ಜತೆಗೆ ಹೋದರು. ಠಾಣೆಯಲ್ಲಿ ಒಂದಿಷ್ಟು ಗದರಿ, ಕೋವಿಯ ಸಂಖ್ಯೆಯನ್ನು ಬರೆದುಕೊಂಡು, ರಸೀದಿ ಕೊಟ್ಟರು. ಆ ರಸೀದಿಯ ಚಿತ್ರವನ್ನು ನಮ್ಮ ತರುಣನು ಮೊಬೈಲಿನಲ್ಲಿ ನಮಗೂ ತೋರಿಸಿದನು. ಈ ವರ್ಷ ಹಂದಿಗಳು ಗದ್ದೆಯ ಒಂದು ಪಾಲನ್ನು ಮಲಗಿಸಿಬಿಟ್ಟುವಂತೆ. ಅರ್ಜಿ ಇನ್ನೂ ಕಚೇರಿಯಲ್ಲಿದೆ. ವಾರಕ್ಕೊಮ್ಮೆ ತಮ್ಮನು ವಿಚಾರಿಸಿ ಬರುತ್ತಾನೆ.