ಜೀವರಾಶಿಯಿಂದ ಜಲಜನಕ ಇಂಧನ: ಸಕಲೇಶಪುರ–ಆಲೂರು ಪ್ರದೇಶದ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪೀಠಿಕೆ

ಹಾಸನ ಜಿಲ್ಲೆಯ ಪಶ್ಚಿಮದಂಚಿನ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಕಾಫಿ, ಮೆಣಸು, ಏಲಕ್ಕಿಗಳ ನಾಡು. ಇಲ್ಲಿಯ ತೋಟಗಳಿಗೆ ಹಾಕುವ ಯೂರಿಯಾ ಬಹುಪಾಲು ನೈಸರ್ಗಿಕ ಅನಿಲದಿಂದ ಪಡೆದ ಜಲಜನಕದ ಫಲ. ಶಿರಾಡಿ ಘಾಟಿಯನ್ನೇರುವ ಸರಕು ಲಾರಿಗಳು ಡೀಸೆಲ್ಲನ್ನೇ ನೆಚ್ಚಿಕೊಂಡಿವೆ. ಈ ಎರಡು ಅಗತ್ಯಗಳನ್ನೂ ಶುದ್ಧ ಜಲಜನಕ ಪೂರೈಸಬಲ್ಲುದು. ಆದರೆ ಅದನ್ನು ಪಡೆಯುವ ಮಾರ್ಗವೂ ಶುದ್ಧವಾಗಿರಬೇಕು.

ನೀರಿನ ವಿದ್ಯುದ್ವಿಭಜನೆ

ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿದಾಗ ಅದು ಜಲಜನಕ ಮತ್ತು ಆಮ್ಲಜನಕಗಳಾಗಿ ಬೇರ್ಪಡುತ್ತದೆ. 1 ಕಿಲೋಗ್ರಾಂ ಜಲಜನಕಕ್ಕೆ ಕನಿಷ್ಠ 9 ಲೀಟರ್ ನೀರು, ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಅದರಿಂದ ಮರಳಿ ದೊರೆಯುವ ಉಪಯುಕ್ತ ಶಕ್ತಿ ಸುಮಾರು 33 ಯೂನಿಟ್ ಮಾತ್ರ. ಆದ್ದರಿಂದ ವಿದ್ಯುತ್ತಿನ ಮೂಲವೇ ಇಲ್ಲಿ ನಿರ್ಣಾಯಕ. ಮಲೆನಾಡಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಬಿಸಿಲು ವಿರಳ. ಬೇಸಿಗೆಯಲ್ಲಿ ತೊರೆಗಳು ಕ್ಷೀಣಿಸುತ್ತವೆ. ಜಲವಿದ್ಯುತ್ತಿಗಾಗಿ ಕಣಿವೆಗಳನ್ನು ಬಳಸುವುದಕ್ಕೂ ಮಿತಿಯಿದೆ. ಇದೇ ಸೀಮೆಯ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಕೈಗೊಳ್ಳಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಶಿಫಾರಸು ಮಾಡಿತು.

ಜೀವರಾಶಿಯ ಅನಿಲೀಕರಣ

ಮತ್ತೊಂದು ಮಾರ್ಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ರೂಪಿಸಿದೆ. ಜೀವರಾಶಿಯನ್ನು ಗಾಳಿಯ ಬದಲು ಆಮ್ಲಜನಕ ಹಾಗೂ ಹಬೆಯೊಂದಿಗೆ ಹೆಚ್ಚಿನ ಉಷ್ಣತೆಯಲ್ಲಿ ವರ್ತಿಸುವಂತೆ ಮಾಡಿದಾಗ ಜಲಜನಕ ಸಮೃದ್ಧವಾದ ಅನಿಲ ಉತ್ಪತ್ತಿಯಾಗುತ್ತದೆ. ಅದರಿಂದ ಶುದ್ಧ ಜಲಜನಕವನ್ನು ಬೇರ್ಪಡಿಸಲಾಗುತ್ತದೆ. 1 ಕಿಲೋಗ್ರಾಂ ಜೀವರಾಶಿಯಲ್ಲಿರುವ ಜಲಜನಕ ಸುಮಾರು 60 ಗ್ರಾಂ ಮಾತ್ರವಾದರೂ ದೊರೆಯುವುದು ಸುಮಾರು 100 ಗ್ರಾಂ. ಉಳಿದ ಭಾಗವನ್ನು ಹಬೆಯೇ ಒದಗಿಸುತ್ತದೆ. ಹೊರಬೀಳುವ ಇಂಗಾಲವು ಗಿಡಮರಗಳು ಗಾಳಿಯಿಂದಲೇ ಹೀರಿಕೊಂಡದ್ದು.

ಕಾಫಿಸೀಮೆಯಲ್ಲಿ ಇಂತಹ ಕಚ್ಚಾವಸ್ತುವಿಗೆ ಕೊರತೆಯಿಲ್ಲ. ಒಣಗಿಸಿದ ಕಾಫಿಹಣ್ಣಿನ ಸಿಪ್ಪೆ, ಮರಗಸಿಯಲ್ಲಿ ಉರುಳುವ ಸಿಲ್ವರ್ ಓಕ್ ಮೊದಲಾದ ನೆರಳುಮರಗಳ ರೆಂಬೆಗಳು, ಕಿತ್ತುಹಾಕಿದ ಹಳೆಯ ಕಾಫಿಗಿಡಗಳು ಪ್ರತಿವರ್ಷ ದೊರೆಯುತ್ತವೆ. ಆದರೆ ಇವು ವ್ಯರ್ಥ ವಸ್ತುಗಳಲ್ಲ. ಸಿಪ್ಪೆ ಗೊಬ್ಬರವಾಗುತ್ತದೆ, ರೆಂಬೆ ಒಲೆಗೆ ಸೌದೆಯಾಗುತ್ತದೆ, ಉದುರಿದೆಲೆ ಇಳಿಜಾರಿನ ಮಣ್ಣನ್ನು ಮಳೆಯಿಂದ ಕಾಯುತ್ತದೆ. ತೋಟದ ಸಾರವನ್ನೆಲ್ಲ ಘಟಕಕ್ಕೆ ಸಾಗಿಸಿದರೆ ಮಣ್ಣು ಬಡವಾಗಿ, ಬೆಳೆಗಾರನು ಮತ್ತೆ ಯೂರಿಯಾವನ್ನೇ ಹೆಚ್ಚಾಗಿ ಕೊಳ್ಳಬೇಕಾದೀತು. ಹೆಚ್ಚುವರಿಯನ್ನಷ್ಟೇ ತೆಗೆದುಕೊಂಡು, ಉಳಿಯುವ ಬೂದಿಯನ್ನು ತೋಟಕ್ಕೆ ಮರಳಿಸುವುದು ಅಗತ್ಯ. ಜಲಜನಕದ ಸಾಗಾಣಿಕೆ ದುಬಾರಿಯಾದುದರಿಂದ ಘಟಕವು ಕಚ್ಚಾವಸ್ತುವಿಗೂ ಬಳಕೆದಾರರಿಗೂ ಸಮೀಪವಿರಬೇಕು.

ಉಪಸಂಹಾರ

ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಅನುಮೋದನೆ ನೀಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಟವಾದ ಮಾನದಂಡದಂತೆ, 1 ಕಿಲೋಗ್ರಾಂ ಜಲಜನಕಕ್ಕೆ 2 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಉತ್ಸರ್ಜನೆಯನ್ನು ಮೀರದಿದ್ದರೆ ಅದು 'ಹಸಿರು'. ಜೀವರಾಶಿಯ ಮಾರ್ಗಕ್ಕೂ ಇದು ಅನ್ವಯಿಸುತ್ತದೆ. ಮಲೆನಾಡಿನಲ್ಲಿ ಈ ಅಳತೆಯೊಂದೇ ಸಾಲದು. ತೊರೆಯ ಹರಿವು ಮತ್ತು ತೋಟದ ಮಣ್ಣಿನ ಫಲವತ್ತತೆಯೂ ಲೆಕ್ಕಕ್ಕೆ ಸೇರಿದಾಗ ಮಾತ್ರ ಇಲ್ಲಿಯ ಜಲಜನಕವನ್ನು ಶುದ್ಧವೆಂದು ಕರೆಯಬಹುದು.