ಪಿತ್ತಜನಕಾಂಗದ ಅರ್ಬುದ ರೋಗ ಮತ್ತು ದೇಹದ ಕಾವಲು ಕಣಗಳು

ಮಾನವ ದೇಹದ ಒಳ ಅವಯವಗಳಲ್ಲಿ ಪಿತ್ತಜನಕಾಂಗವೇ ಅತ್ಯಂತ ದೊಡ್ಡದು. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುವ ಈ ಅವಯವವನ್ನು ಯಕೃತ್ತು ಎಂದೂ ಕರೆಯುವುದುಂಟು. ನಾವು ಉಂಡ ಅನ್ನದ ಸಾರವನ್ನು ಶೇಖರಿಸುವುದು, ವಿಷ ಪದಾರ್ಥಗಳನ್ನು ನಿವಾರಿಸುವುದು, ಪಿತ್ತರಸವನ್ನು ತಯಾರಿಸುವುದು ಇದರ ಮುಖ್ಯ ಕಾರ್ಯಗಳು. ಹೀಗೆ ತಯಾರಾದ ಪಿತ್ತರಸವು ಪಿತ್ತನಾಳಗಳೆಂಬ ಸಣ್ಣ ಕೊಳವೆಗಳ ಮೂಲಕ ಕರುಳನ್ನು ಸೇರುತ್ತದೆ. ಪಿತ್ತಜನಕಾಂಗದಲ್ಲಿಯೂ ಪಿತ್ತನಾಳದಲ್ಲಿಯೂ ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಹುಟ್ಟಬಹುದು. ಎರಡೂ ಕಠಿಣ ರೋಗಗಳೇ. ಆದರೆ ಇವು ಯಾರಲ್ಲಿ ಬೇಗ ಉಲ್ಬಣಿಸುತ್ತವೆ, ಯಾರಲ್ಲಿ ಚಿಕಿತ್ಸೆಗೆ ಬಗ್ಗುತ್ತವೆ ಎಂಬುದನ್ನು ನಿರ್ಧರಿಸುವಲ್ಲಿ ದೇಹದ ರೋಗನಿರೋಧಕ ಕಣಗಳ ಪಾತ್ರ ಬಹಳ ದೊಡ್ಡದೆಂದು ವಿಜ್ಞಾನವು ಕಂಡುಕೊಂಡಿದೆ. ಈ ವಿಷಯವನ್ನು ವಿವಾಹಿತ ದಂಪತಿಗಳು ತಿಳಿಯುವುದು ಅಗತ್ಯ. ಏಕೆಂದರೆ ಈ ರೋಗದ ಬೀಜವು ಅನೇಕ ವೇಳೆ ಹೆರಿಗೆಯ ದಿನವೇ ಬಿತ್ತಲ್ಪಡುತ್ತದೆ. ಅದನ್ನು ತಡೆಯುವ ಉಪಾಯವೂ ಆ ದಿನವೇ ಕೈಯಲ್ಲಿರುತ್ತದೆ.

ಕಾವಲುಗಾರರು ಯಾರು?

ನಮ್ಮ ರಕ್ತದಲ್ಲಿ ಕೆಂಪು ಕಣಗಳಲ್ಲದೆ ಬಿಳಿಯ ಕಣಗಳೂ ಇವೆ. ಇವು ದೇಹದ ಕಾವಲುಗಾರರು. ಇವುಗಳಲ್ಲಿ ಹಲವು ಪಂಗಡಗಳುಂಟು. ಟಿ ಕಣಗಳಲ್ಲಿ ಒಂದು ಪಂಗಡವು ರೋಗಾಣು ಹೊಕ್ಕ ಜೀವಕೋಶವನ್ನೂ ಅರ್ಬುದದ ಜೀವಕೋಶವನ್ನೂ ಗುರುತಿಸಿ ಕೊಲ್ಲುತ್ತದೆ. ಇನ್ನೊಂದು ಪಂಗಡವು ಈ ಕಾದಾಟ ಮಿತಿಮೀರದಂತೆ ನಿಯಂತ್ರಿಸುತ್ತದೆ. ಭಕ್ಷಕ ಕಣಗಳೆಂಬ ಮತ್ತೊಂದು ಪಂಗಡವು ಕಸವನ್ನೂ ಕ್ರಿಮಿಗಳನ್ನೂ ನುಂಗುತ್ತದೆ. ಪಿತ್ತಜನಕಾಂಗದಲ್ಲಿಯೇ ಕಾಯಂ ಆಗಿ ನೆಲೆಸಿರುವ ಭಕ್ಷಕ ಕಣಗಳಿಗೆ ಕುಪ್ಫರ್ ಕಣಗಳೆಂದು ಹೆಸರು.

ಪಿತ್ತಜನಕಾಂಗಕ್ಕೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನಿಂದಲೇ ಬರುತ್ತದೆ. ಆ ರಕ್ತದಲ್ಲಿ ಆಹಾರದ ಅಂಶಗಳೂ ಕರುಳಿನ ಕ್ರಿಮಿಗಳ ಚೂರುಗಳೂ ಬೆರೆತಿರುತ್ತವೆ. ಅವೆಲ್ಲದರ ಮೇಲೂ ಕಾವಲು ಕಣಗಳು ಯುದ್ಧ ಸಾರಿದರೆ ಅವಯವವೇ ಹಾಳಾಗುವುದು. ಆದುದರಿಂದ ಇಲ್ಲಿಯ ಕಾವಲು ಕಣಗಳು ಸಹನೆಯನ್ನು ರೂಢಿಸಿಕೊಂಡಿರುತ್ತವೆ. ಸಂತೆಯ ಬಾಗಿಲಲ್ಲಿ ನಿಂತ ಕಾವಲುಗಾರನು ಬಂದವರನ್ನೆಲ್ಲ ತಡೆಯಲಾರನಷ್ಟೆ! ಆರೋಗ್ಯವಂತನಿಗೆ ಈ ಸಹನೆ ವರವೇ ಸರಿ. ಆದರೆ ಅರ್ಬುದವು ಹುಟ್ಟಿದಾಗ ಇದೇ ಸಹನೆ ಅದಕ್ಕೆ ಆಶ್ರಯವಾಗುತ್ತದೆ.

ಅರ್ಬುದದೊಳಗಿನ ಕಾದಾಟ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಅರ್ಬುದದ ಜೀವಕೋಶಗಳೊಂದಿಗೆ ಕಾವಲು ಕಣಗಳೂ ಕಾಣಸಿಗುತ್ತವೆ. ಕೊಲ್ಲುವ ಟಿ ಕಣಗಳು ಗಡ್ಡೆಯ ಒಳಗೆ ದಟ್ಟವಾಗಿ ನುಗ್ಗಿರುವ ರೋಗಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ, ಮತ್ತು ಶಸ್ತ್ರಚಿಕಿತ್ಸೆಯ ನಂತರ ಅವರಲ್ಲಿ ರೋಗವು ಮರುಕಳಿಸುವುದು ಕಡಿಮೆ. ನಿಯಂತ್ರಕ ಕಣಗಳು ಹೆಚ್ಚಾಗಿದ್ದು ಕೊಲ್ಲುವ ಕಣಗಳನ್ನು ಕಟ್ಟಿಹಾಕಿದ್ದರೆ ಪರಿಣಾಮವು ಪ್ರತಿಕೂಲವಾಗುತ್ತದೆ. ಭಕ್ಷಕ ಕಣಗಳನ್ನು ಅರ್ಬುದವು ತನ್ನ ಕಡೆಗೆ ಒಲಿಸಿಕೊಂಡರಂತೂ ಅವು ಗಡ್ಡೆಗೆ ಹೊಸ ರಕ್ತನಾಳಗಳನ್ನು ಬೆಳೆಸಿಕೊಡಲು ನೆರವಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಪಿತ್ತನಾಳದ ಅರ್ಬುದದಲ್ಲಿ ಇನ್ನೊಂದು ತೊಡಕು ಉಂಟು. ಈ ಗಡ್ಡೆಯ ಸುತ್ತಲೂ ಗಟ್ಟಿಯಾದ ನಾರಿನ ಅಂಗಾಂಶ ಬೆಳೆಯುತ್ತದೆ. ಕೊಲ್ಲುವ ಕಣಗಳು ಅನೇಕ ವೇಳೆ ಈ ಕೋಟೆಯ ಹೊರಗೇ ಉಳಿದುಬಿಡುತ್ತವೆ. ಆದುದರಿಂದ ಎಷ್ಟು ಕಣಗಳಿವೆ ಎಂಬುದಷ್ಟೇ ಅಲ್ಲ, ಅವು ಎಲ್ಲಿವೆ ಎಂಬುದೂ ಮುಖ್ಯ.

ನೂತನ ಚಿಕಿತ್ಸೆ

ಅರ್ಬುದದ ಜೀವಕೋಶವು ಟಿ ಕಣದ ಮೇಲಿರುವ ಒಂದು ತಡೆಗುಂಡಿಯನ್ನು ಒತ್ತಿ ಅದನ್ನು ನಿಷ್ಕ್ರಿಯಗೊಳಿಸಬಲ್ಲದು. ಈ ಬಗೆಯ ತಡೆಗಳನ್ನು ತೆಗೆದುಹಾಕಿದರೆ ಕಾವಲು ಕಣಗಳು ಮತ್ತೆ ಕಾದಾಡುತ್ತವೆ ಎಂದು ತೋರಿಸಿಕೊಟ್ಟ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಗೆ ಒಗ್ಗದ ಪಿತ್ತಜನಕಾಂಗದ ಅರ್ಬುದ ರೋಗಿಗಳಿಗೆ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಔಷಧಗಳನ್ನು ಕೂಡಿಸಿ ಕೊಡಲಾಯಿತು. ಒಂದು ವರ್ಷದ ನಂತರ ಇವರಲ್ಲಿ 100ಕ್ಕೆ ಸುಮಾರು 67 ಮಂದಿ ಬದುಕಿದ್ದರು. ಹಳೆಯ ಔಷಧವಾದ ಸೊರಾಫೆನಿಬ್ ಪಡೆದವರಲ್ಲಿ ಸುಮಾರು 55 ಮಂದಿ. ಪಿತ್ತನಾಳ ಮತ್ತು ಪಿತ್ತಕೋಶದ ಅರ್ಬುದಗಳಲ್ಲಿ, ರೂಢಿಯ ಔಷಧಗಳೊಡನೆ ಡುರ್ವಾಲುಮ್ಯಾಬ್ ಸೇರಿಸಿದ ಪರೀಕ್ಷೆಯ ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಬದುಕುಳಿದವರು 100ಕ್ಕೆ ಸುಮಾರು 25. ಅದನ್ನು ಪಡೆಯದವರಲ್ಲಿ ಸುಮಾರು 10.

ಈ ಅಂಕಿಗಳು ಆಶಾದಾಯಕವಾದರೂ ಇವುಗಳ ಇನ್ನೊಂದು ಮುಖವನ್ನು ಮರೆಯಲಾಗದು. ಎಲ್ಲರಿಗೂ ಈ ಔಷಧಗಳು ಫಲಿಸುವುದಿಲ್ಲ. ಬೆಲೆಯೂ ಅಧಿಕ. ಬಿಡುಗಡೆಗೊಂಡ ಕಾವಲು ಕಣಗಳು ಕೆಲವೊಮ್ಮೆ ರೋಗಿಯ ಸ್ವಂತ ಕರುಳು, ಶ್ವಾಸಕೋಶ ಅಥವಾ ಥೈರಾಯ್ಡ್ ಗ್ರಂಥಿಯ ಮೇಲೆಯೇ ಎರಗುವುದುಂಟು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಮೊದಲೇ ಎಚ್ಚರ ವಹಿಸುವುದು ಲೇಸು.

ರೋಗದ ಮೂಲ ಮತ್ತು ಮಗುವಿನ ಮೊದಲ ದಿನ

ಹೆಪಟೈಟಿಸ್ ಬಿ ಎಂಬ ವೈರಾಣು ಪಿತ್ತಜನಕಾಂಗದ ಅರ್ಬುದಕ್ಕೆ ಪ್ರಮುಖ ಕಾರಣಗಳಲ್ಲೊಂದು. ಇದರ ಪತ್ತೆಗೆ ಕಾರಣರಾದ ಬರೂಚ್ ಬ್ಲಂಬರ್ಗ್ ಅವರು 1976ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಪ್ರಾಯಕ್ಕೆ ಬಂದವರಿಗೆ ಈ ವೈರಾಣು ತಗುಲಿದರೆ, ಅವರ ಕಾವಲು ಕಣಗಳು ಕಾದಾಡಿ ಬಹುತೇಕ ಮಂದಿಯಲ್ಲಿ ಅದನ್ನು ಹೊರದೂಡುತ್ತವೆ. ರೋಗವು ದೀರ್ಘಕಾಲ ನೆಲೆಸುವುದು 100ಕ್ಕೆ 5ಕ್ಕಿಂತ ಕಡಿಮೆ ಮಂದಿಯಲ್ಲಿ. ಆದರೆ ಹೆರಿಗೆಯ ಸಮಯದಲ್ಲಿ ತಾಯಿಯಿಂದ ಶಿಶುವಿಗೆ ತಗುಲಿದರೆ, ಎಳೆಯ ಕಾವಲು ಕಣಗಳು ಅದನ್ನು ಶತ್ರುವೆಂದು ಗುರುತಿಸಲಾರವು. ಅಂತಹ 100 ಶಿಶುಗಳಲ್ಲಿ ಸುಮಾರು 90ರಲ್ಲಿ ವೈರಾಣು ಶಾಶ್ವತವಾಗಿ ಬೀಡುಬಿಡುತ್ತದೆ. ಮಗು ಆಡುತ್ತದೆ, ಓದುತ್ತದೆ, ದುಡಿಯುತ್ತದೆ. ಯಾವ ನೋವೂ ಇರುವುದಿಲ್ಲ. ಹತ್ತಾರು ವರ್ಷಗಳ ನಂತರ, ಸಂಸಾರದ ಹೊಣೆ ಹೊತ್ತ ವಯಸ್ಸಿನಲ್ಲಿ, ಅರ್ಬುದವು ತಲೆದೋರಬಹುದು.

ಇದಕ್ಕೆ ಪರಿಹಾರವು ಮಗು ಜನಿಸಿದ 24 ಗಂಟೆಗಳ ಒಳಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ. ನಂತರ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಚುಚ್ಚುಮದ್ದಿನ ಮೂಲಕ ಇದನ್ನು ಪೂರ್ಣಗೊಳಿಸಲಾಗುತ್ತದೆ. ಲಸಿಕೆಯು ಎಳೆಯ ಕಾವಲು ಕಣಗಳಿಗೆ ಶತ್ರುವಿನ ಗುರುತನ್ನು ಮೊದಲೇ ಕಲಿಸಿಕೊಡುತ್ತದೆ. ತೈವಾನ್ ದೇಶವು 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಹಾಕಲು ಆರಂಭಿಸಿದ ನಂತರ, ಅಲ್ಲಿಯ ಮಕ್ಕಳಲ್ಲಿ ಪಿತ್ತಜನಕಾಂಗದ ಅರ್ಬುದವು ಹತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ದೇಶದಲ್ಲಿ 2002ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಆರಂಭವಾದ ಈ ಲಸಿಕೆಯು ಮುಂದಿನ ಹತ್ತು ವರ್ಷಗಳ ಅವಧಿಯಲ್ಲಿ ದೇಶದಾದ್ಯಂತ ವಿಸ್ತರಿಸಿತು. ಆದುದರಿಂದ ಇಂದು ತಾಯಿತಂದೆಯರಾಗುತ್ತಿರುವ ಅನೇಕರು ಸ್ವತಃ ಈ ಲಸಿಕೆ ಪಡೆದವರಲ್ಲ.

ದುಡಿಮೆಗಾಗಿ ಬಂದ ದಂಪತಿಗಳ ಗಮನಕ್ಕೆ

ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ವೈಟ್‌ಫೀಲ್ಡ್ ಕಡೆಗಳಲ್ಲಿ ಕಟ್ಟಡ ಕೆಲಸ, ತೋಟದ ಕೆಲಸ, ಕಾವಲು ಕೆಲಸಗಳಿಗೆ ಹಳ್ಳಿಗಳಿಂದ ಬಂದ ದಂಪತಿಗಳು ನೆಲೆಸಿದ್ದಾರೆ. ಗರ್ಭಿಣಿಯು ಇಲ್ಲಿ ಹೆಸರು ನೋಂದಾಯಿಸಿ ರಕ್ತಪರೀಕ್ಷೆ ಮಾಡಿಸುತ್ತಾಳೆ. ಹೆರಿಗೆಗೆ ತವರಿಗೆ ಹೋಗುತ್ತಾಳೆ. ಪರೀಕ್ಷೆಯ ಫಲಿತಾಂಶವು ಇಲ್ಲಿಯೇ ಉಳಿದರೆ ಅಲ್ಲಿ ಹೆರಿಗೆ ಮಾಡಿಸುವ ವೈದ್ಯರಿಗೆ ಅಪಾಯವು ತಿಳಿಯುವುದಿಲ್ಲ. ಆದುದರಿಂದ ತಾಯಿ ಕಾರ್ಡನ್ನೂ ರಕ್ತಪರೀಕ್ಷೆಯ ಚೀಟಿಯನ್ನೂ ಸೀರೆ ಬಟ್ಟೆಗಳ ಜೊತೆಯಲ್ಲಿ ಮೊದಲೇ ಗಂಟು ಕಟ್ಟಿಡಬೇಕು. ಇದನ್ನು ಜ್ಞಾಪಿಸುವುದು ಗಂಡನ ಹೊಣೆಯೂ ಹೌದು. ತಾಯಿಯಲ್ಲಿ ವೈರಾಣು ಇರುವುದು ಖಚಿತವಾದರೆ, ಲಸಿಕೆಯೊಂದಿಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಶಿಶುವಿಗೆ ಕೊಡಬೇಕಾಗುತ್ತದೆ. ಅಗತ್ಯವಿದ್ದರೆ ಗರ್ಭಿಣಿಗೆ ಮಾತ್ರೆಗಳನ್ನೂ ವೈದ್ಯರು ಸೂಚಿಸುತ್ತಾರೆ.

ಹೆಂಡತಿಯಲ್ಲಿ ವೈರಾಣು ಕಂಡುಬಂದಿತೆಂದು ಆಕೆಯನ್ನು ದೂರುವುದಾಗಲಿ, ಬೇರೆ ತಟ್ಟೆ ಲೋಟ ಇಡುವುದಾಗಲಿ ಸರ್ವಥಾ ಕೂಡದು. ಆಕೆ ತನ್ನ ಜನನದ ದಿನವೇ ಅದನ್ನು ಪಡೆದಿರಬಹುದು. ಒಟ್ಟಿಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಲಸಿಕೆ ಪಡೆದ ಮಗುವಿಗೆ ತಾಯಿ ನಿರಾತಂಕವಾಗಿ ಎದೆಹಾಲು ಕುಡಿಸಬಹುದು. ರಕ್ತ, ಬಳಸಿದ ಸೂಜಿ, ಕ್ಷೌರದ ಬ್ಲೇಡು ಮತ್ತು ದೈಹಿಕ ಸಂಪರ್ಕದ ಮೂಲಕ ಇದು ಹರಡುತ್ತದೆ. ಆದುದರಿಂದ ಪತಿಯೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಮೂರು ಸಲ ಲಸಿಕೆ ಪಡೆಯಬೇಕು. ಅಲ್ಲಿಯವರೆಗೆ ನಿರೋಧ್ ಬಳಸುವುದು ಕ್ಷೇಮ.

ದಂಪತಿಗಳು ನೆನಪಿಡಬೇಕಾದ ಅಂಶಗಳು

1. ಪ್ರತಿ ಗರ್ಭಧಾರಣೆಯಲ್ಲಿಯೂ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ಹೆರಿಗೆ ಬೇಡ, ಆಸ್ಪತ್ರೆಯಲ್ಲಿಯೇ ಆಗಲಿ. ಮೊದಲ ದಿನದ ಲಸಿಕೆ ಹಾಕಿದ್ದನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿರಿ.

2. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಾಣು ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಹೆಪಟೈಟಿಸ್ ಸಿ ಸೋಂಕನ್ನು ಮಾತ್ರೆಗಳಿಂದ ಬಹುತೇಕ ಪೂರ್ಣವಾಗಿ ಗುಣಪಡಿಸಬಹುದು.

3. ಮದ್ಯಪಾನವು ಪಿತ್ತಜನಕಾಂಗವನ್ನು ಗಂಟುಗಟ್ಟಿಸಿ ಅರ್ಬುದಕ್ಕೆ ದಾರಿ ಮಾಡುತ್ತದೆ. ಅತಿಯಾದ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯೂ ಹಾನಿಕರ. ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳಗಳಲ್ಲಿ ಅರ್ಬುದಕಾರಕ ವಿಷವಿರಬಹುದಾದ್ದರಿಂದ ಅವುಗಳನ್ನು ತಿನ್ನಬೇಡಿರಿ.

4. ಕಣ್ಣು ಹಳದಿಯಾಗುವುದು, ಮೂತ್ರವು ಕಪ್ಪಾಗಿ ಮಲವು ಬೆಳ್ಳಗಾಗುವುದು, ಮೈತುರಿಕೆ, ಹೊಟ್ಟೆಯ ಊತ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡಾಗ ಕಾಮಾಲೆಯೆಂದು ಬರೆ ಹಾಕಿಸುತ್ತಲೋ ಬೇರಿನ ಮದ್ದು ಕುಡಿಸುತ್ತಲೋ ತಿಂಗಳುಗಟ್ಟಲೆ ಕಾಲ ಕಳೆಯಬೇಡಿರಿ. ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

5. ವೈರಾಣು ನೆಲೆಸಿರುವವರು ತಮಗೆ ಆರೋಗ್ಯವಿದೆಯೆಂದು ಸುಮ್ಮನಿರಬಾರದು. ವೈದ್ಯರು ಹೇಳಿದ ಅವಧಿಗೊಮ್ಮೆ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡರೆ ಗಡ್ಡೆಯು ಚಿಕ್ಕದಿರುವಾಗಲೇ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಅವಕಾಶವಿದೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಿಂದ ಸೇವೆ ಸಲ್ಲಿಸುತ್ತಿರುವ ಕಿದ್ವಾಯಿ ಆಸ್ಪತ್ರೆಯಲ್ಲಿ ಅರ್ಬುದ ರೋಗಕ್ಕೆ ತಜ್ಞರ ಚಿಕಿತ್ಸೆ ದೊರೆಯುತ್ತದೆ.

ಕಾವಲು ಕಣಗಳು ಪ್ರತಿಯೊಬ್ಬರಿಗೂ ಹುಟ್ಟಿನಿಂದ ಬಂದ ಆಸ್ತಿ. ಅವುಗಳಿಗೆ ಸಕಾಲದಲ್ಲಿ ಶತ್ರುವಿನ ಪರಿಚಯ ಮಾಡಿಕೊಡುವುದು ಮಾತ್ರ ತಾಯಿತಂದೆಯರ ಕೈಯಲ್ಲಿದೆ. ಮಗುವಿಗೆ ಹೆಸರಿಡುವ ಶುಭದಿನವನ್ನು ಹುಡುಕಲು ಕಾಲಾವಕಾಶವಿದೆ. ಮೊದಲ ಲಸಿಕೆಗೆ ಇರುವುದು 24 ಗಂಟೆಗಳ ಕಾಲ ಮಾತ್ರ.