ಗಾಳ ಹಾಕಿದವರು ಬರೆದಿಟ್ಟ ಲೆಕ್ಕ

ಹುಲ್ಲಹಳ್ಳಿ ದಾಟಿ ನಂಜನಗೂಡಿನತ್ತ ಹರಿಯುವ ಕಪಿಲೆಗೆ ಗಾಳದ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತ ಎನ್ನಿಸುವಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್, 1946ರಲ್ಲಿ ಈ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನು ಹಿಡಿದರು. ಗಾಳವೆಂದರೆ ಹೊತ್ತು ಕಳೆಯುವ ಶೋಕಿ ಎಂದುಕೊಂಡವರು ಹಿಂಗಾರಿನ ಹೊಳೆಯನ್ನೊಮ್ಮೆ ನೋಡಬೇಕು. ವಿದೇಶಿಯರ ಮೆಚ್ಚಿನ ಫ್ಲೈ ಎಂಬುದು ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳುವಿನ ವೇಷ. ಮೀನು ಅದನ್ನು ಕಂಡರಷ್ಟೇ ಬಾಯಿ ಹಾಕುತ್ತದೆ. ದಸರೆ ಕಳೆದು ನೀರು ತಿಳಿಯಾಯಿತು ಎನ್ನುವಷ್ಟರಲ್ಲಿ ಒಂದು ಮಳೆ ಬಿದ್ದರೂ, ಮೇಲೆ ಬೀಚನಹಳ್ಳಿಯಲ್ಲಿ ಗೇಟು ಎತ್ತಿದರೂ ಹೊಳೆ ಮತ್ತೆ ಕೆಂಪಾಗಿ ಫ್ಲೈ ಕೆಲಸಕ್ಕೆ ಬರುವುದಿಲ್ಲ. ಆಗ ಗೆಲ್ಲುವುದು ನಮ್ಮ ರಾಗಿ. ಹಿಟ್ಟು ಬೇಯಿಸಿ, ಗಟ್ಟಿಯಾಗಿ ನಾದಿ, ಕೊಕ್ಕೆ ಮುಚ್ಚುವಂತೆ ನಿಂಬೆ ಗಾತ್ರದ ಉಂಡೆ ಮೆತ್ತಿ ಬಿಟ್ಟರೆ, ಕದಡಿದ ನೀರಿನಲ್ಲೂ ಮೀನು ವಾಸನೆ ಹಿಡಿದು ಬರುತ್ತದೆ. ನೀರಿನ ಬಣ್ಣ, ಏರಿಳಿತ, ಸೆಳವು ಇವನ್ನು ಗಮನಿಸದವನಿಗೆ ಗಾಳ ದಕ್ಕದು. ಈ ಗಮನವನ್ನು ಕಾಗದಕ್ಕಿಳಿಸಿದರೆ ಅದಕ್ಕಿಂತ ಒಳ್ಳೆಯ ನದಿಯ ದಾಖಲೆ ಸಿಗುವುದು ಕಷ್ಟ.

ಕಾವೇರಿಯ ಗಾಳಿಬೋರೆಯಲ್ಲಿ ಆದದ್ದೇ ಇದು. ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ನಿಯಮವಿದ್ದ ಆ ಬಿಡಾರದಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ ಮತ್ತು 6,161 ಮಹಶೀರ್‌ಗಳ ಲೆಕ್ಕ ಪುಸ್ತಕಕ್ಕೇರಿತು. ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದಾಗ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಬರೀ ಸಂಖ್ಯೆ ನೋಡಿದ್ದರೆ ಎಲ್ಲರೂ ಖುಷಿಪಡುತ್ತಿದ್ದರು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿ ಕೊಳ್ಳದ ಸ್ವಂತ ಡುಬ್ಬದ ಮಹಶೀರ್ ಕಾಣೆಯಾಗುತ್ತಿತ್ತು. ಅದು ಟಾರ್ ರೆಮಾದೇವಿ ಎಂಬ ಜಾತಿ ಎಂದು 2018ರಲ್ಲಷ್ಟೇ ಖಚಿತವಾಯಿತು. ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಗಾಳಿಬೋರೆ ಇರುವ ಅಭಯಾರಣ್ಯದೊಳಗೆ ಗಾಳ ನಿಂತು, ಲೆಕ್ಕವೂ ನಿಂತಿತ್ತು.

ಬಿಡುವುದಾದರೆ ಹಿಡಿಯುವುದೇಕೆ, ಅದು ಹಿಂಸೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಕ್ಕೆ ಚುಚ್ಚುತ್ತದೆ, ಎಳೆದಾಟದಲ್ಲಿ ಮೀನು ಬಳಲುತ್ತದೆ. ಆದರೆ ಗಾಳದವರು ಹೋದ ದಡಕ್ಕೆ ಸಿಡಿಮದ್ದಿನವರು ಬರಬಹುದು. ಮದ್ದು ದೊಡ್ಡದು ಮರಿ ಎಂದು ನೋಡುವುದಿಲ್ಲ. ಶೃಂಗೇರಿ, ರಾಮನಾಥಪುರಗಳಲ್ಲಿ ದೇವರ ಮೀನೆಂದು ಜನರೇ ಕಾಯುತ್ತಾರಲ್ಲ ಎನ್ನಬಹುದು. ಆ ಕಾವಲು ದೊಡ್ಡದೇ, ಆದರೆ ದೇವಸ್ಥಾನದ ಮಡುವಿನಷ್ಟು ದೂರಕ್ಕೆ ಮಾತ್ರ. ಇನ್ನೂ ಗಟ್ಟಿಯಾದ ಆಕ್ಷೇಪವಿದೆ: ಹೊರಗಿನ ಮರಿಗಳನ್ನು ತಂದು ಬಿಡುವುದರಲ್ಲಿ ಗಾಳಪ್ರಿಯರ ಕೈಯೂ ಇತ್ತು. ನಿಜ. ಆ ತಪ್ಪು ಬಯಲಾದದ್ದು ಮಾತ್ರ ಅವರದೇ ಪುಸ್ತಕದಿಂದ. ಹಾಗಾಗಿ ಗಾಳಕ್ಕೆ ಅನುಮತಿ ಕೊಡುವುದಾದರೆ ಮುಳ್ಳಿಲ್ಲದ ಒಂಟಿ ಕೊಕ್ಕೆ, ಹೊರಗಿನ ಮರಿಗೆ ನಿಷೇಧ, ದಿನದ ಲೆಕ್ಕ ಇವು ಅನುಮತಿಯ ಷರತ್ತಾಗಬೇಕು. ಹುಲ್ಲಹಳ್ಳಿಯಿಂದ ತಿರುಮಕೂಡಲಿನವರೆಗಿನ ಕಪಿಲೆ ಅಭಯಾರಣ್ಯದೊಳಗಿಲ್ಲ. ಅಲ್ಲಿ ದಿನವೂ ಬಲೆ ಬೀಸುವವರ ಕೈಗೆ ಅಂಥದೇ ಒಂದು ಪುಸ್ತಕ, ಒಂದು ತಕ್ಕಡಿ ಕೊಟ್ಟು ಶುರುಮಾಡಬಹುದು.